ಕಂಬಕ್ಕೆ ನಮ್ಮ ನೋವು ಕಲಿಸಿದ ವರ್ಷ

ಬೇವಿನಗಡ್ಡೆ, ಕೃಷ್ಣಾ ನದಿಯ ನಡುವೆ
ಕ್ರಿ.ಶ. ೨೨೧೯, ಆರಿದ್ರಾ ಮಳೆಯ ಮೂರನೆಯ ದಿನ

ನನ್ನ ಕ್ಷೇತ್ರದ ಹಿರಿಯರಿಗೆ, ಮೂರುಗಡ್ಡೆಯ ಶಾಸಕಿ ಗುರುಸಿದ್ಧವ್ವ ಬೆನ್ನೂರಳ ಶರಣು.

ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳ ಲೆಕ್ಕ ಕಚೇರಿಗೆ ಮಾತ್ರ ಉಳಿದಿದೆ. ಊರೊಳಗೆ ಮತ್ತೆ ಮಳೆನಕ್ಷತ್ರಗಳೇ ಬಂದು ಕೂತಿವೆ. ನನ್ನ ಮಾತಿನಲ್ಲಿ ನಿಮಗೆ ಗುರುತು ಸಿಗದ ಪದಗಳೂ ಬಂದಾವು, ಮನ್ನಿಸಿ. ನನ್ನ ಮೊಮ್ಮಕ್ಕಳ ಮಾತು ನನಗೇ ಅರ್ಧ ತಿಳಿಯುವುದಿಲ್ಲ. ಇನ್ನೂರು ವರ್ಷ ಆಚೆಗಿರುವ ನಿಮಗೆ ನನ್ನದು ಹೇಗೆ ತಿಳಿದೀತೋ ಎಂಬ ಅಳುಕಿದೆ. ಆದಷ್ಟು ಬಿಡಿಸಿ ಹೇಳುತ್ತೇನೆ.

ನಮ್ಮಲ್ಲೊಂದು ಪದ್ಧತಿಯಿದೆ. ಬಜೆಟ್ ಅಧಿವೇಶನ ಮುಗಿದ ಮೇಲೆ ಪ್ರತಿ ಶಾಸಕರೂ ಕ್ಷೇತ್ರಕ್ಕೆ ಮರಳಿ ಎರಡು ವರದಿ ಒಪ್ಪಿಸಬೇಕು. ಮೊದಲನೆಯದು ಮತದಾರರಿಗೆ. ಅದನ್ನು ಕಟ್ಟೆಯ ಮೇಲೆ ನಿಂತು ಬಾಯಲ್ಲೇ ಹೇಳಬೇಕು, ಕೇಳಿದ್ದಕ್ಕೆ ಅಲ್ಲೇ ಉತ್ತರ ಕೊಡಬೇಕು. ಎರಡನೆಯದಕ್ಕೆ ಹಿಂದೋಲೆ ಎನ್ನುತ್ತೇವೆ, ಅಂದರೆ ಹಿಂದಿನವರಿಗೆ ಬರೆಯುವ ಓಲೆ. ಈ ನೆಲದಲ್ಲಿ ಮೊದಲು ಬದುಕಿದವರೂ ಕ್ಷೇತ್ರದ ಜನರೇ, ಅವರಿಗೂ ಸುದ್ದಿ ಮುಟ್ಟಬೇಕು ಎಂದು ಯಾವ ಪುಣ್ಯಾತ್ಮರು ಮೊದಲು ಹೇಳಿದರೋ ಗೊತ್ತಿಲ್ಲ. ಇದನ್ನು ನಿಮಗೆ ಮುಟ್ಟಿಸುವ ದಾರಿಯಂತೂ ಯಾರಿಗೂ ತಿಳಿದಿಲ್ಲ. ಬರೆಯುತ್ತೇವೆ, ಹೊಳೆಯ ದಂಡೆಯಲ್ಲಿ ನಿಂತು ಒಮ್ಮೆ ಗಟ್ಟಿಯಾಗಿ ಓದುತ್ತೇವೆ, ಆಮೇಲೆ ಶಾಲೆಯ ಕಪಾಟಿನಲ್ಲಿಡುತ್ತೇವೆ. ಆದರೂ ಇದನ್ನು ಬರೆಯುವಾಗ ನನ್ನ ಕೈ ನಿಧಾನವಾಗುತ್ತದೆ. ಮತದಾರರಿಗೆ ಒಂದಿಷ್ಟು ಬಣ್ಣ ಹಚ್ಚಿ ಹೇಳಬಹುದು. ಬೇರಿಗೆ ಸುಳ್ಳು ಹೇಳುವುದು ಕಷ್ಟ.

ನೀವು ಕಂಡ ಹೊಳೆ ಈಗ ಅಗಲವಾಗಿದೆ. ಅದರ ನಡುವೆ ಮೂರು ಗಡ್ಡೆಗಳಲ್ಲಿ, ಅಂದರೆ ನಡುಗಡ್ಡೆಗಳಲ್ಲಿ, ನಾವಿದ್ದೇವೆ. ಎರಡೂ ದಂಡೆಗಳ ಒಂದಷ್ಟು ಹಳ್ಳಿಗಳೂ ನನ್ನ ಕ್ಷೇತ್ರಕ್ಕೆ ಸೇರಿವೆ. ಹೋಗಿಬರುವುದೆಲ್ಲ ಬಿಸಿಲುದೋಣಿಯಲ್ಲಿ. ಅದರ ಚಾವಣಿಯೇ ಬಿಸಿಲು ಕುಡಿದು ದೋಣಿಯನ್ನು ನಡೆಸುತ್ತದೆ. ಮೋಡ ಮುಸುಕಿದ ದಿನ ಅದೂ ಸೋಮಾರಿಯಾಗುತ್ತದೆ, ಆಗ ಹುಟ್ಟು ಹಾಕಲೇಬೇಕು. ಬೇಸಿಗೆಯಲ್ಲಿ ಹಗಲು ಹೊರಗೆ ಕಾಲಿಡಲಾಗದ್ದರಿಂದ ನಮ್ಮದು ನಸುಕಿನ ಶಾಲೆ. ಮಕ್ಕಳು ಬೆಳ್ಳಿ ಮೂಡುವ ಹೊತ್ತಿಗೆ ಎದ್ದು, ಕಣ್ಣುಜ್ಜಿಕೊಳ್ಳುತ್ತ ಬಂದು ಕೂರುತ್ತಾರೆ. ಬಿಸಿಲೇರುವ ಮೊದಲು ಮನೆ ಸೇರಿ ಮಲಗುತ್ತಾರೆ. ಸಂಜೆಗೆ ಮತ್ತೆ ಆಟ, ಮತ್ತೆ ಪಾಠ. ಜೋಳದ ರೊಟ್ಟಿ ಬಡಿಯುವ ಸಪ್ಪಳ ಮಾತ್ರ ನಿಮ್ಮ ಕಾಲದ್ದೇ ಇರಬೇಕು. ಪುಂಡಿಪಲ್ಯವೂ ಇದೆ. ಅಷ್ಟು ಕೇಳಿ ನಿಮಗೆ ಸಮಾಧಾನವಾಗಲಿ.

ಇನ್ನು ಆರೋಗ್ಯದ ಸಂಗತಿ. ಊರೂರಿಗೆ ವೈದ್ಯರು ಸಿಗುವುದಿಲ್ಲವೆಂಬ ನಿಮ್ಮ ಕಾಲದ ಗೋಳು ನಮ್ಮನ್ನೂ ಬಿಟ್ಟಿಲ್ಲ. ಅದಕ್ಕಾಗಿ ಪ್ರತಿ ಊರಿನಲ್ಲೂ ಒಂದು ಕೇಳುಗಂಬ ನೆಟ್ಟಿದ್ದಾರೆ. ಆಳೆತ್ತರದ ಕಲ್ಲಿನಂಥ ಕಂಬ. ಅದರ ಮುಂದೆ ನಿಂತು ನಿಮ್ಮ ತ್ರಾಸು ಹೇಳಿದರೆ ಮಾತು ಕೇಳಿ, ಉಸಿರು ಕೇಳಿ, ತಾನೇ ಔಷಧ ಹೇಳುತ್ತದೆ. ಜಡ್ಡು ದೊಡ್ಡದಾಗಿದ್ದರೆ ವೈದ್ಯರ ದೋಣಿಯನ್ನು ಕರೆಯುತ್ತದೆ. ಜನ ಅದಕ್ಕೆ ಕಂಬಣ್ಣ ಎಂದು ಹೆಸರಿಟ್ಟಿದ್ದಾರೆ, ಎದುರಿಗೆ ಹೋಗುವಾಗ ಹೆಂಗಸರು ತಲೆಗೆ ಸೆರಗು ಹೊದ್ದುಕೊಳ್ಳುತ್ತಾರೆ. ಇಡೀ ಕ್ಷೇತ್ರಕ್ಕೆ ವೈದ್ಯರ ದೋಣಿ ಒಂದೇ.

ಜನ ಕಡಿಮೆಯಿರುವ ನಮ್ಮಂಥ ಕ್ಷೇತ್ರಗಳಿಗೆ ಸರ್ಕಾರ ಶಾಲೆಯ ಹಣ, ಆಸ್ಪತ್ರೆಯ ಹಣ ಬೇರೆಬೇರೆ ಕೊಡುವುದಿಲ್ಲ. ಎರಡನ್ನೂ ಸೇರಿಸಿ ಕೊಡುತ್ತದೆ, ಅದಕ್ಕೆ ಒಂದುಗಂಟು ಎನ್ನುತ್ತೇವೆ. ಯಾವುದಕ್ಕೆ ಎಷ್ಟು ಎಂಬುದನ್ನು ಜನರೇ ಸಭೆ ಸೇರಿ ತೀರ್ಮಾನಿಸಬೇಕು. ಈ ಸಲದ ಗಂಟು ಸಣ್ಣದಿತ್ತು. ಬೇವಿನಗಡ್ಡೆಯ ಶಾಲೆಯನ್ನು ಉಳಿಸಿಕೊಳ್ಳಬಹುದು, ಇಲ್ಲವೆ ಎರಡನೆಯ ವೈದ್ಯದೋಣಿ ತರಬಹುದು, ಎರಡೂ ಆಗದು. ಶಾಲೆ ಮುಚ್ಚಿದರೆ ಗಡ್ಡೆಯ ಮಕ್ಕಳು ನಸುಕಿನ ಕತ್ತಲಲ್ಲಿ ಹೊಳೆ ದಾಟಿ ಹೋಗಬೇಕು. ದೋಣಿ ಬಾರದಿದ್ದರೆ ದಂಡೆಯ ಹಳ್ಳಿಗಳವರು ಈಗಿನ ಹಾಗೆಯೇ ಕಾಯುತ್ತಿರಬೇಕು.

ದೋಣಿ ಬೇಕೆಂದವರ ಮುಂದಾಳು ಹಳೇದಂಡೆ ಎಂಬ ಊರಿನ ಅಯ್ಯಣ್ಣ. ಹತ್ತಿ ಬೆಳೆಯುವ ಮನುಷ್ಯ, ಮಾತು ಕಡಿಮೆ. ಹಿಂದಿನ ವರ್ಷ ಅವನ ತಂಗಿ ನಿಂಬೆವ್ವ ವೈದ್ಯದೋಣಿಯ ದಾರಿ ನೋಡುತ್ತಲೇ ತೀರಿಕೊಂಡಿದ್ದಳು. ನನ್ನ ಮನಸ್ಸೂ ದೋಣಿಯ ಕಡೆಗೇ ವಾಲಿತ್ತು.

ಸಭೆ ಬೇವಿನಗಡ್ಡೆಯಲ್ಲೇ, ಶಾಲೆಯ ಮುಂದಿನ ಬಯಲಿನಲ್ಲಿ, ಬೆಳಗಿನ ತಂಪಿನಲ್ಲಿ ಸೇರಿತು. ದಂಡೆಯವರು ಒಂದು ಕಡೆ, ಗಡ್ಡೆಯವರು ಒಂದು ಕಡೆ ಕೂತಿದ್ದರು. ನಾನು ಮಾತಾಡಲು ಎದ್ದಾಗ ಸಾಬಣ್ಣ ಕಾಕಾ ಸೊಸೆಯ ಹೆಗಲು ಹಿಡಿದು ಕೇಳುಗಂಬದ ಕಡೆ ನಡೆಯುತ್ತಿರುವುದು ಕಂಡಿತು. ನಾನು ಚಿಕ್ಕವಳಿದ್ದಾಗ ಪಕ್ಕದ ತೋರಗಡ್ಡೆಯಿಂದ ಇದೇ ಶಾಲೆಗೆ ನನ್ನನ್ನು ದಾಟಿಸುತ್ತಿದ್ದ ಅಂಬಿಗ ಆತ. ನೀರು ಏರಿದ ದಿನ, ಹೆದರಬೇಡ ಎಂದು ಹುಟ್ಟಿನ ತುದಿಯನ್ನು ನನ್ನ ಕೈಗೂ ಕೊಡುತ್ತಿದ್ದ. ನಾನು ಮಾತು ನಿಲ್ಲಿಸಿ ಅತ್ತ ಹೋದೆ. ನನ್ನ ಹಿಂದೆ ಅರ್ಧ ಸಭೆ ಬಂತು.

ಕಾಕಾ ಕಂಬಕ್ಕೆ ಕೈಯೂರಿ ನಿಂತು ಹೇಳಿದ: "ಜೀವಾ ನಿಲ್ಲವಲ್ದು ನೋಡಪಾ. ಒಳಗ ದೋಣಿ ಸುಳಿಗಿ ಸಿಕ್ಕಂಗ ಆಗ್ಯಾದ."

ಕಂಬ ಅಚ್ಚುಕಟ್ಟಾದ ಪುಸ್ತಕದ ಕನ್ನಡದಲ್ಲಿ, "ದೋಣಿಯ ತುರ್ತು ನೆರವಿಗೆ ದಯವಿಟ್ಟು ಜಲಸಾರಿಗೆ ಇಲಾಖೆಯನ್ನು ಸಂಪರ್ಕಿಸಿ. ನಿಮ್ಮ ಆರೋಗ್ಯದ ತೊಂದರೆ ಏನು?" ಎಂದಿತು.

ಜನ ನಕ್ಕರು. ಕಾಕಾನೂ ನಕ್ಕ. "ನನಗೇನೂ ಆಗಿಲ್ಲಂತ ಬಿಡವ್ವಾ, ದೋಣಿಗೇ ಆಗ್ಯಾದಂತ," ಎಂದು ಸೊಸೆಗೆ ಹೇಳುತ್ತ ಅಲ್ಲೇ ಕೂತುಬಿಟ್ಟ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ತಂಪು ಹೊತ್ತಿನಲ್ಲಿ ಆ ಬೆವರು ಕಂಡು ನನ್ನ ನಗು ಒಣಗಿತು.

ಶಾಲೆಯ ಜುಬೇದಾ ಟೀಚರ್ ಗುಂಪನ್ನು ಸರಿಸಿಕೊಂಡು ಬಂದಳು. ಅವಳು ಇದೇ ಗಡ್ಡೆಯ ಮಗಳು. ಊರಿನ ಮಾತೂ ಪುಸ್ತಕದ ಮಾತೂ ಎರಡೂ ಅವಳವೇ. ಕಾಕಾನ ಪಕ್ಕ ಕೂತು, "ಎಲ್ಲಿಂದ ಎಲ್ಲೀತನಾ ಹಿಡದಾದ, ಕಾಕಾ?" ಎಂದು ಕೇಳಿದಳು. ಆತ ಎದೆಯಿಂದ ಎಡಗೈವರೆಗೆ ಬೆರಳೆಳೆದ. ಅವಳು ಕಂಬದ ಕಡೆ ತಿರುಗಿ, ಪಾಠ ಒಪ್ಪಿಸುವ ಹುಡುಗಿಯ ಹಾಗೆ ಸ್ಪಷ್ಟವಾಗಿ, "ರೋಗಿಗೆ ಎದೆಯಲ್ಲಿ ಬಿಗಿತ, ನೋವು ಎಡಗೈಗೆ ಇಳಿಯುತ್ತಿದೆ, ತಲೆ ಸುತ್ತು, ತಣ್ಣನೆಯ ಬೆವರು," ಎಂದಳು. ಕಂಬದ ನೆತ್ತಿಯ ದೀಪ ಕೆಂಪಾಯಿತು. ದೋಣಿ ಹೊರಟಿದೆ ಎಂದಿತು. ನಾಲಿಗೆಯಡಿ ಇಡಲು ಗುಳಿಗೆಯೊಂದನ್ನು ತನ್ನ ಗೂಡಿನಿಂದ ಕೊಟ್ಟಿತು. ಆ ದಿನ ಬಿಸಿಲು ಚೆನ್ನಾಗಿತ್ತು. ದೋಣಿ ಬೇಗ ಬಂತು. ಕಾಕಾ ಉಳಿದ.

ದೋಣಿ ಕಣ್ಣಿಗೆ ಮರೆಯಾದ ಮೇಲೆ ಎಲ್ಲರೂ ಬಯಲಿಗೆ ಮರಳಿದೆವು. ಆಗ ಅಯ್ಯಣ್ಣ ಎದ್ದು ನಿಂತ. ಟವೆಲನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ.

"ನಮ್ಮ ನಿಂಬೆವ್ವನೂ ಹಂಗ ಅಂದಿದ್ಲು," ಎಂದ. "ಕಂಬದ ಮುಂದ ನಿಂತು, ಜೀವಾ ನಿಲ್ಲವಲ್ದು ಅಂದ್ಲು. ಅದು, ವಿಶ್ರಾಂತಿ ತಗೊಳ್ರಿ ಅಂತು. ಕಂಬ ದೋಣಿ ಕರದಿರ್ತದ ಅಂದ್ಕೊಂಡು ನಾವು ಮನ್ಯಾಗ ಮಲಗಿಸಿ ದಾರಿ ನೋಡಿದ್ವಿ. ದೋಣಿ ತಡಾ ಆತು ಅಂತ ಇಷ್ಟು ದಿನ ಬೈದೆ. ಅದು ತಡಾ ಆಗಿರಲಿಲ್ರಿ. ಅದನ್ನ ಯಾರೂ ಕರದೇ ಇರಲಿಲ್ಲ."

ಅವನ ಊರಿನವರೊಬ್ಬರು ಎದ್ದು ಅವನ ಬೆನ್ನ ಮೇಲೆ ಕೈಯಿಟ್ಟರು. ಅವನು ಕೂರಲಿಲ್ಲ.

"ದೋಣಿ ಬೇಕು. ಇವತ್ತೂ ಬೇಕು ಅಂತೀನಿ. ಆದ್ರ ಕಂಬಕ್ಕ ನಮ್ಮ ಮಾತು ತಿಳಿಲಿಲ್ಲಂದ್ರ ಎರಡು ದೋಣಿ ಇದ್ರೂ ಎರಡೂ ದಂಡಿಗೇ ನಿಂತಿರ್ತಾವ. ಈ ಸಲ ಶಾಲಿ ಉಳೀಲಿ. ಟೀಚರ್ ಆ ಕಂಬಕ್ಕ ಮಾತು ಕಲಿಸಲಿ."

ಹಿರಿಯರೇ, ಸದನದಲ್ಲಿ ನಾನು ಬಹಳ ಭಾಷಣ ಕೇಳಿದ್ದೇನೆ. ತನ್ನ ದುಃಖವನ್ನು ತಾನೇ ತಿರುವಿ ನೋಡಿ, ಎದುರು ಕೂತವರ ಮಕ್ಕಳಿಗೆ ಶಾಲೆ ಬಿಟ್ಟುಕೊಟ್ಟ ಮಾತನ್ನು ಅವತ್ತೊಂದೇ ಸಲ ಕೇಳಿದ್ದು. ಕೈಯೆತ್ತಿಸಿ ಎಣಿಸುವ ಕೆಲಸವೇ ಉಳಿಯಲಿಲ್ಲ.

ಕಂಬ ಕೆಟ್ಟದ್ದಲ್ಲ. ಅದಕ್ಕೆ ಕಲಿಸಿದವರು ಪಟ್ಟಣದ ಆಸ್ಪತ್ರೆಗಳ ಮಾತನ್ನಷ್ಟೇ ಕೇಳಿಸಿದ್ದರು. ನಮ್ಮ ಕಡೆಯ ಮುದುಕರು ನೋವನ್ನು ಏನೆಂದು ಕರೆಯುತ್ತಾರೆ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಜುಬೇದಾ ತನ್ನ ಶಾಲೆಯಲ್ಲಿ ನೋವಿನ ಪಾಠ ಎಂಬುದನ್ನು ಶುರುಮಾಡಿದಳು. ವಾರಕ್ಕೊಮ್ಮೆ ಅಜ್ಜ ಅಜ್ಜಿಯರು ಬಂದು ಮಕ್ಕಳ ಸಾಲಿನಲ್ಲಿ ಕೂರುತ್ತಾರೆ. ಚಳುಕು ಅಂದರೆ ಹೇಗೆ, ಕಸಿವಿಸಿ ಅಂದರೆ ಎಲ್ಲಿ, ಮೈ ಜುಮ್ಮೆನ್ನುವುದಕ್ಕೂ ಜೋಮು ಹಿಡಿಯುವುದಕ್ಕೂ ಏನು ಫರಕು ಎಂದು ಮಕ್ಕಳು ಕೇಳುತ್ತಾರೆ. ಹಿರಿಯರು ಸೊಂಟ ಹಿಡಿದು, ಮುಖ ಕಿವಿಚಿ, ನಟಿಸಿ ತೋರಿಸುತ್ತಾರೆ. ಎಲ್ಲರೂ ಬಿದ್ದುಬಿದ್ದು ನಗುತ್ತಾರೆ. ಆಮೇಲೆ ಮಕ್ಕಳು, ಹಿರಿಯರು, ದೋಣಿಯ ವೈದ್ಯೆ ಎಲ್ಲ ಕೂಡಿ ಕಂಬದ ಮುಂದೆ ನಿಂತು ಒಂದೊಂದನ್ನೇ ಅದಕ್ಕೆ ತಿಳಿಸುತ್ತಾರೆ. ಕೆಲವು ಮಾತು ವೈದ್ಯೆಗೂ ಹೊಸವು. ಕೆಲವಕ್ಕೆ ಒಬ್ಬೊಬ್ಬ ಅಜ್ಜಿ ಒಂದೊಂದು ಅರ್ಥ ಹೇಳಿ ಜಗಳವಾಗುವುದೂ ಉಂಟು.

ಇದನ್ನೇ ಹಿಡಿದು ನಾನು ಸದನದಲ್ಲಿ ಕೇಳಿದೆ: ನಮ್ಮ ಶಾಲೆ ಆಸ್ಪತ್ರೆಯ ಅರ್ಧ ಕೆಲಸ ಮಾಡುತ್ತಿದೆ, ಆರೋಗ್ಯ ಇಲಾಖೆಯೂ ಅದರ ಖರ್ಚಿನಲ್ಲಿ ಪಾಲು ಹೊರಲಿ. ಆರೋಗ್ಯ ಮಂತ್ರಿ ನರಸಿಂಹ ಶೇರೆಗಾರರು ಕುಂದಾಪುರದ ಕಡೆಯವರು, ಸಜ್ಜನರು, ಆದರೆ ನಿಯಮ ಬಿಟ್ಟು ಆಚೀಚೆ ಹೋಗುವವರಲ್ಲ. "ಶಾಲೆಯನ್ನು ಆಸ್ಪತ್ರೆ ಎನ್ನಲು ಬರುವುದಿಲ್ಲ, ಮಾನ್ಯ ಸದಸ್ಯರೇ," ಎಂದರು. "ನಿಮ್ಮ ಮನೆಯ ಹಿರಿಯರು ಉಸಿರಿಗೆ ಕಷ್ಟವಾದಾಗ ಏನನ್ನುತ್ತಿದ್ದರು, ಸ್ವಾಮಿ?" ಎಂದು ಕೇಳಿದೆ. ಅವರು ಕಾಗದಗಳನ್ನು ಜೋಡಿಸುತ್ತಿದ್ದವರು ಕೈ ತಡೆದರು. ಮೈಕಿನಿಂದ ಮುಖ ಸ್ವಲ್ಪ ಸರಿಸಿ, "ಉಸ್ರ್ ಕಟ್ಟತ್ ಮಗಾ, ಅಂತಿದ್ರು ಅಮ್ಮಮ್ಮ," ಎಂದರು. ಅವರ ಕಡಲೂರಿನ ಕಂಬಕ್ಕೆ ಆ ಮಾತು ತಿಳಿಯುತ್ತದೆಯೇ ಎಂದು ನಾನು ಕೇಳಲು ಹೋಗಲಿಲ್ಲ. ಸಭಾಧ್ಯಕ್ಷರು ಊಟದ ವಿರಾಮ ಕೊಟ್ಟರು. ವಿರಾಮದ ನಂತರ ಮಂತ್ರಿಗಳು ಪಾಲು ಒಪ್ಪಿಕೊಂಡರು, ಬೇರೆ ಕ್ಷೇತ್ರಗಳ ಇಂಥ ಶಾಲೆಗಳಿಗೂ.

ಎರಡನೆಯ ದೋಣಿ ಮಾತ್ರ ಸಿಗಲಿಲ್ಲ. ಇದನ್ನು ಹಳೇದಂಡೆಯಲ್ಲಿ ನಿಂತು ಹೇಳಿ ಬೈಸಿಕೊಂಡು ಬಂದೆ. ಅಯ್ಯಣ್ಣ ಬೈಯಲಿಲ್ಲ, ಊಟಕ್ಕೆ ಕರೆದ, ಬಡಿಸುವಾಗ, "ಬರೋ ವರ್ಷ ದೋಣಿ ಇಲ್ಲದ ಬರಬ್ಯಾಡವ್ವ," ಎಂದ. ಬೈದಿದ್ದರೇ ಚೆನ್ನಾಗಿತ್ತು. ಬರುವ ಗಂಟಿನಲ್ಲಿ ಮೊದಲ ಹಕ್ಕು ಅವರದ್ದೆಂದು ಗಡ್ಡೆಯವರೇ ಸಭೆಯಲ್ಲಿ ಒಪ್ಪಿದ್ದಾರೆ. ನಾನು ಸೋತರೂ ಆ ಮಾತು ಉಳಿಯಲಿ ಎಂದು ನಿಮ್ಮನ್ನು ಸಾಕ್ಷಿಗೆ ಕರೆಯುತ್ತಿದ್ದೇನೆ.

ಇನ್ನೊಂದು ಸಂಗತಿ ಬರೆದು ಮುಗಿಸುತ್ತೇನೆ, ಹೊಳೆದಂಡೆಯಲ್ಲಿ ಓದಲು ಜನ ಕಾಯುತ್ತಿದ್ದಾರೆ. ಕಳೆದ ವಾರದ ನೋವಿನ ಪಾಠದಲ್ಲಿ ಎರಡನೆಯ ತರಗತಿಯ ಹುಡುಗಿಯೊಬ್ಬಳು, ಇಷ್ಟೆಲ್ಲ ನೋವಿಗೆ ಹೆಸರುಗಳಿವೆ, ನೋವು ಹೋದಾಗ ಏನಂತೀರಿ ಎಂದು ಕೇಳಿದಳಂತೆ. ಬಳೆಗಾರರ ಮನೆಯ ಹುಸೇನಬಿ, "ಹಗುರಾತು ಅಂತೀವಿ ನೋಡವ್ವ," ಎಂದಳು. ಕಂಬಕ್ಕೆ ಆ ಮಾತು ಗೊತ್ತೇ ಇರಲಿಲ್ಲ. ಜಡ್ಡು ಬಂದಾಗ ಎಲ್ಲರೂ ಅದರ ಮುಂದೆ ನಿಂತಿದ್ದರು. ವಾಸಿಯಾದ ಮೇಲೆ ಹೋಗಿ ಹೇಳಿದವರು ಒಬ್ಬರೂ ಇರಲಿಲ್ಲ. ಪಾಪ, ಇಷ್ಟು ವರ್ಷ ಅದು ನಮ್ಮ ನರಳಾಟ ಒಂದನ್ನೇ ಕೇಳಿಕೊಂಡು ನಿಂತಿತ್ತು. ಈಗ ಹುಸೇನಬಿ ದಿನಾ ಬೆಳಿಗ್ಗೆ ನೀರಿಗೆ ಹೋಗುವಾಗ ಒಂದು ಗಳಿಗೆ ನಿಂತು, "ಮಂಡಿ ಹಗುರಾಗ್ಯಾದಪಾ," ಎಂದು ಹೇಳಿ ಹೋಗುತ್ತಾಳೆ. ಸಾಬಣ್ಣ ಕಾಕಾನೂ ಹೋಗಿ ಹೇಳಿ ಬಂದ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮನೆಯ ಹಿರಿಯರು ತಮ್ಮ ನೋವನ್ನು ತಮ್ಮ ಮಾತಿನಲ್ಲಿ ಹೇಳುವಾಗ ತಿದ್ದಬೇಡಿ. ಹೇಗಾಗುತ್ತದೆ ಎಂದು ಇನ್ನೊಮ್ಮೆ ಕೇಳಿ, ಪಕ್ಕದಲ್ಲಿರುವ ಮಕ್ಕಳ ಕಿವಿಗೂ ಬೀಳಲಿ. ಆ ಮಾತುಗಳು ನಮ್ಮವರೆಗೆ ಬಂದಿವೆ ಎಂದರೆ ನಿಮ್ಮಲ್ಲಿ ಯಾರೋ ಕೇಳಿಸಿಕೊಂಡಿದ್ದಾರೆ ಎಂದೇ ಅರ್ಥ. ಅವರು ಯಾರೆಂದು ನನಗೆ ಗೊತ್ತಿಲ್ಲ. ಸಾಬಣ್ಣ ಕಾಕಾ ಬದುಕಿದ್ದಕ್ಕೆ ಅವರಿಗೂ ಶರಣು ಹೇಳುತ್ತೇನೆ.

ನಿಮಗೆ ಎಲ್ಲೆಲ್ಲಿ ಭಾರವಿದೆಯೋ ಅಲ್ಲೆಲ್ಲ ಹಗುರಾಗಲಿ. ಹಗುರಾದ ದಿನ ಯಾರಿಗಾದರೂ ಹೇಳಿ.

ನಿಮ್ಮವಳು,
ಗುರುಸಿದ್ಧವ್ವ