ಬೇಸಿಗೆಗಳೂ ಲೆಕ್ಕಕ್ಕೆ ಬಂದವು

ತೊತಾನಾ, ಮುರ್ಸಿಯಾ
ಜನವರಿ ೨೨, ಗುರುವಾರ

ನನ್ನ ಮುದ್ದು ಮಗಳು ಇಕ್ರಾಮ್‌ಗೆ ಅಪ್ಪನ ಸಲಾಂ.

ಹೇಗಿದ್ದೀಯಮ್ಮಾ? ಊಟ ಸೇರುತ್ತಿದೆಯೇ? ನಿನ್ನ ಮಾವ ತಯ್ಯೆಬ್ ಅವರ ಮೊಣಕಾಲು ನೋವು ಈ ಚಳಿಗೆ ಹೆಚ್ಚಾಗಿಲ್ಲ ತಾನೆ? ಬೀಗಿತಿ ಮಿಮೂನಾ ಅವರ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಅವರು ಗುಳಿಗೆ ಬದಿಗಿಟ್ಟು ಯಾವುದೋ ಬೇರಿನ ಕಷಾಯ ಕುಡಿಯುತ್ತಾರಂತೆ. ನೀನು ಎದುರಿಗೆ ನಿಂತು ಗುಳಿಗೆ ನುಂಗಿಸು. ಜನವರಿಯಲ್ಲಿ ನಮ್ಮ ತೌರಿರ್ತ್ ಕಡೆಯ ಗಾಳಿ ಮೂಳೆ ಕೊರೆಯುತ್ತದೆ. ಗಂಡ ಹೋದ ಮೇಲಿನ ಈ ನಾಲ್ಕು ತಿಂಗಳು ಹತ್ತು ದಿನದ ಇದ್ದತ್‌ನ ಬಿಳಿ ಬಟ್ಟೆಯ ಒಳಗೆ ಉಣ್ಣೆಯದು ಹಾಕಿಕೋ, ಅದಕ್ಕೆ ಯಾರೂ ಬೇಡವೆನ್ನುವುದಿಲ್ಲ. ಇಲ್ಲಿ ನಿನ್ನ ಅಮ್ಮ ಯಮ್ನಾ ಕ್ಷೇಮ, ಬಾಯಂತೂ ಇನ್ನೂ ಕ್ಷೇಮ. ನಿನ್ನ ಮಗಳು ನುಹೈಲಾಳಿಗೆ ಮುಂದಿನ ಹಲ್ಲು ಬಿದ್ದಿದೆ. ಶಾಲೆಯಿಂದ ಕರೆತರುವಾಗ ನನ್ನ ಕೈ ಹಿಡಿಯಲು ಈಗ ನಾಚಿಕೆಯಂತೆ. ತಿರುವು ದಾಟಿದ ಮೇಲೆ ತಾನಾಗಿಯೇ ಹಿಡಿಯುತ್ತಾಳೆ. ರಾತ್ರಿ ಅಜ್ಜಿಯ ಪಕ್ಕದಲ್ಲಿ ಮಲಗುತ್ತಾಳೆ, ನಿನ್ನ ದಿಂಬು ತಂದುಕೊಂಡು.

ಫೋನ್ ಇರುವಾಗ ಈ ಮುದುಕ ಕಾಗದ ಯಾಕೆ ಬರೆಯುತ್ತಾನೆ ಎಂದು ನಗಬೇಡ. ನಾನು ಫೋನ್ ಮಾಡಿದರೆ ಅಲ್ಲಿ ಸ್ಪೀಕರ್ ಹಾಕುತ್ತೀರಿ. ನಿನ್ನ ಮಾವ, ಅತ್ತೆ, ದುಃಖ ಕೇಳಲು ಬಂದ ನೆರೆಯವರು, ಎಲ್ಲರೂ ಸುತ್ತ ಕೂತಿರುತ್ತಾರೆ. ನಾನು ನಿನ್ನನ್ನು ಕೇಳಬೇಕು, ಉತ್ತರ ಬೇರೆಯವರು ಕೊಡುತ್ತಾರೆ. ಅದಕ್ಕೇ ವ್ಯಾನಿನ ಕದ್ದೂರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅವನ ವ್ಯಾನಿನ ಮೇಲೆ ಈ ಸಲ ಎರಡು ಹಾಸಿಗೆ, ಒಂದು ಫ್ರಿಜ್ಜು, ಮೂರು ಸೈಕಲ್ಲು. ಅಲ್ಮೇರಿಯಾದಲ್ಲಿ ಹಡಗು ಹತ್ತಿಸಿಕೊಂಡರೆ ದೇವರು ದೊಡ್ಡವನು. ಕಂಬಳಿಯೂ ಕಾಫಿಪುಡಿಯೂ ಬೀಗಿತಿಗೆ. ಕಾಗದ ಕಂಬಳಿಯ ಮಡಿಕೆಯಲ್ಲಿದೆ, ಅದು ನಿನಗೊಬ್ಬಳಿಗೆ. ನನ್ನ ಅಕ್ಷರ ನಿನಗೆ ಗೊತ್ತು. ಮಸೀದಿಯ ಹಿಂದಿನ ಕೋಣೆಯಲ್ಲಿ ನಲವತ್ತು ದಾಟಿದ ಮೇಲೆ ಕಲಿತದ್ದು, ಸಾಲು ಮೇಲೆ ಹತ್ತಿದರೆ ನೀನು ಕಾಗದವನ್ನು ಓರೆ ಮಾಡಿ ಓದಿಕೋ.

ವಿಷಯಕ್ಕೆ ಬರುತ್ತೇನೆ, ಸಂಕಟದಲ್ಲಿ ಕೂರಲೂ ಆಗುತ್ತಿಲ್ಲ. ಸೋಮವಾರ ಕಾಗದಪತ್ರ ಮಾಡಿಕೊಡುವ ಎಂಕಾರ್ನಾಳ ಬಳಿ ಹೋಗಿದ್ದೆ. ಮೇ ತಿಂಗಳಿಗೆ ನಿನಗೆ ಈ ದೇಶದಲ್ಲಿ ಐದು ವರ್ಷ ತುಂಬುತ್ತದಲ್ಲ, ಶಾಶ್ವತ ವಾಸದ ಕಾರ್ಡಿಗೆ ಈಗಿನಿಂದಲೇ ಏನೇನು ಸಿದ್ಧಮಾಡಬೇಕು ಎಂದು ಕೇಳಲು. ನೀನು ಅಲ್ಲಿಗೆ ಹೋಗಿರುವ ವಿಷಯ ನಾನೇ ಮಾತಿನ ಮಧ್ಯೆ ಹೇಳಿದೆ, ಹೆದರಿಕೆ ಏನೂ ಇರಲಿಲ್ಲ. ನಮ್ಮ ಚಹಾ ಅಂಗಡಿಯಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: “ಊರಲ್ಲಿರೋದು ಆರು ತಿಂಗಳು ದಾಟ್ಬಾರ್ದು, ಅಷ್ಟೇ ಕಣೋ. ಅದರೊಳಗೆ ಬಂದು ಒಂದ್ಸಲ ಮುಖ ತೋರ್ಸಿದ್ರೆ ಮತ್ತೆ ಹೋಗು, ಯಾರ್ ಕೇಳ್ತಾರೆ?” ನಾನೂ ಇಷ್ಟು ವರ್ಷ ಹೊಸಬರಿಗೆ ಅದನ್ನೇ ಹೇಳಿಕೊಂಡು ಬಂದವನು. ಎಂಕಾರ್ನಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಅವಳು ಕನ್ನಡಕ ತೆಗೆದರೆ ಒಳ್ಳೆಯ ಸುದ್ದಿ ಅಲ್ಲ ಎಂದು ಇಡೀ ತೊತಾನಾಗೆ ಗೊತ್ತು. “ಲಖ್ದರ್, ಒಂದೇ ಸಲಕ್ಕೆ ಆರು ತಿಂಗಳು ಅನ್ನೋದು ಒಂದು ಲೆಕ್ಕ. ಐದು ವರ್ಷದಲ್ಲಿ ಎಲ್ಲಾ ಸೇರಿ ಹತ್ತು ತಿಂಗಳು ದಾಟ್ಬಾರ್ದು ಅನ್ನೋದು ಇನ್ನೊಂದು. ಅವಳು ಬೇಸಿಗೆಗೆ ಊರಿಗೆ ಹೋಗ್ತಿದ್ಳಾ?” ಎಂದಳು.

ಬೇಸಿಗೆಗೆ ಊರಿಗೆ ಹೋಗುತ್ತಿದ್ದಳಾ! ಆಗಸ್ಟ್ ಬಂದರೆ ಇಲ್ಲಿ ನಮ್ಮವರ ಬೀದಿಯಲ್ಲಿ ಬೆಕ್ಕು ಕೂಡ ಉಳಿಯುವುದಿಲ್ಲ. ಕಾರಿನ ನೆತ್ತಿಗೆ ಗಂಟು ಕಟ್ಟಿ, ಮಕ್ಕಳ ಕಾಲ ಕೆಳಗೆ ಎಣ್ಣೆ ಡಬ್ಬಿ ತುರುಕಿ, ಒಂದು ತಿಂಗಳೆಂದು ಹೊರಟು ಐದು ವಾರ, ಆರು ವಾರ ಇದ್ದು ಬರುತ್ತೇವೆ. ನಮ್ಮ ಅಳಿಯ ಬೂಝಿಯಾನ್, ಅಲ್ಲಾಹ್ ಅವನಿಗೆ ಶಾಂತಿ ಕೊಡಲಿ, ಹಿಂತಿರುಗುವ ದಿನ ಪ್ರತಿ ಸಲ ಕಾರಿನ ಬ್ಯಾಟರಿ ಸತ್ತಿದೆ ಎಂದು ಇನ್ನೆರಡು ದಿನ ತಳ್ಳುತ್ತಿದ್ದ, ನೆನಪಿದೆಯೇ? ಅವನ ತಾಯಿಗೆ ಗೊತ್ತಿತ್ತು ಬ್ಯಾಟರಿಗೆ ಏನೂ ಆಗಿಲ್ಲವೆಂದು. ಆ ದಿನಗಳನ್ನು ನಾವು ಯಾರೂ ಪರದೇಶದಲ್ಲಿದ್ದ ದಿನಗಳೆಂದು ಎಣಿಸಲೇ ಇಲ್ಲ. ಸ್ವಂತ ಊರಿಗೆ ಹೋಗಿಬರುವುದನ್ನು ಯಾರಾದರೂ ಗೈರುಹಾಜರಿ ಅನ್ನುತ್ತಾರೆಯೇ? ಅನ್ನುತ್ತಾರಂತೆ.

ನಾನು ಜಗಳಕ್ಕೇ ನಿಂತೆ. ಗಂಡನನ್ನು ಮಣ್ಣು ಮಾಡಲು ಹೋದವಳು, ಅವನ ಮನೆಯಲ್ಲಿ ದುಃಖಕ್ಕೆ ಕೂತವಳು, ಇದೇನು ಸಮುದ್ರದಂಡೆಯ ರಜೆಯೇ ಎಂದು ಕೇಳಿದೆ. ಎಂಕಾರ್ನಾ ಪಾಪ, ಬೈಸಿಕೊಂಡಳು. “ನೀನ್ ಹೇಳೋದು ನನಗೆ ಅರ್ಥ ಆಗುತ್ತೆ. ಪಾಸ್‌ಪೋರ್ಟಿನ ಮುದ್ರೆಗೆ ಅರ್ಥ ಆಗಲ್ಲ. ವಾದ ಮಾಡಬಹುದು, ಗೆಲ್ತೀನಿ ಅಂತ ಮಾತು ಕೊಡಲಾರೆ” ಎಂದಳು. ಲೆಕ್ಕ ಹಾಕಿ ತೋರಿಸಿದಳು. ನಾಲ್ಕು ಬೇಸಿಗೆ, ನಾದಿನಿಯ ಮದುವೆಯ ಎರಡು ವಾರ, ಅದರ ಮೇಲೆ ಈ ಇದ್ದತ್. ಫೆಬ್ರವರಿ ಎರಡನೆಯ ವಾರ ನೀನು ಬಿಳಿ ಬಟ್ಟೆ ಕಳಚಿ, ಹಮ್ಮಾಮಿನಲ್ಲಿ ಮಿಂದು, ಕೂಡಲೇ ಹೊರಟರೆ ಗೆರೆಯ ಈಚೆ ಇರುತ್ತೀಯ, ಕೂದಲೆಳೆಯಷ್ಟು. ರಂಜಾನಿಗೆ ನಿಂತೆಯೋ, ಆಚೆ. ಆಮೇಲೆ ಐದು ವರ್ಷವನ್ನು ಮತ್ತೆ ಮೊದಲಿನಿಂದ ಎಣಿಸಬೇಕಾಗಬಹುದು. ಈಗಿರುವ ಕಾರ್ಡು ಕೆಲಸಕ್ಕೆ ಕಟ್ಟಿದ ಹಗ್ಗ, ನಿನಗೇ ಗೊತ್ತು. ನೀನು ಕೆಲಸ ಮಾಡುವ ಬ್ರೊಕೊಲಿ ಶೆಡ್ಡಿನವರು ಒಂದು ಹಂಗಾಮು ಕರೆಯದಿದ್ದರೆ ನವೀಕರಣಕ್ಕೆ ಪರದಾಟ. ಬೂಝಿಯಾನ್ ಇದ್ದಾಗ ಎರಡು ಸಂಬಳದ ಆಸರೆ ಇತ್ತು. ಒಂಟಿ ಹೆಂಗಸಿಗೆ ಶಾಶ್ವತ ಕಾರ್ಡು ಇದ್ದರೆ ಯಾವ ಮೇಸ್ತ್ರಿಯ ಮುಖವನ್ನೂ ನೋಡುತ್ತ ಕೂರಬೇಕಿಲ್ಲ.

ಇನ್ನು ಬೀಗಿತಿಯ ಮಾತು. ಹೋದ ತಿಂಗಳು ಅವರು ಫೋನಿನಲ್ಲಿ ಅಳುತ್ತ ಕೇಳಿದರು, “ಈದ್ ಮುಗಿಸ್ಕೊಂಡೇ ಬರ್ಲಿ ಅಣ್ಣಾ. ನನ್ನ ಮಗ ಇಲ್ಲದ ಮೊದಲನೇ ಈದು. ಜನ ಮನೆಗೆ ಬರ್ತಾರೆ, ಸೊಸೆ ಎಲ್ಲಿ ಅಂದ್ರೆ ನಾನೇನ್ ಹೇಳ್ಲಿ?” ನಾನು ಹೂಂ ಎಂದುಬಿಟ್ಟೆ. ಮಗನನ್ನು ಕಳೆದುಕೊಂಡ ತಾಯಿಗೆ ಊಹೂಂ ಅನ್ನುವ ನಾಲಿಗೆ ನನಗಿಲ್ಲ. ಆಗ ನನಗೆ ಹತ್ತು ತಿಂಗಳಿನ ಸಂಗತಿ ಗೊತ್ತಿರಲಿಲ್ಲ. ಈಗ ಮಾತು ಹಿಂತೆಗೆದುಕೊಳ್ಳಬೇಕು, ಫೋನಿನಲ್ಲಿ ಅದನ್ನು ಮಾಡಲಾರೆ. ಬಂದು, ಅವರೆದುರು ಕೂತು, ಅವರ ಕೈಯ ಚಹಾ ಕುಡಿದು ಹೇಳಬೇಕಾದ ಮಾತು ಅದು. ಅಲ್ಲಿಯ ತನಕ ನೀನು ಏನೂ ಹೇಳಬೇಡ, ಅವರೊಂದಿಗೆ ಜಗಳವಂತೂ ಬೇಡ.

ಈ ವಾರವೆಲ್ಲ ತಲೆಯಲ್ಲಿ ಒಂದೇ ಸುತ್ತುತ್ತಿದೆ. ನಮ್ಮವರು ಹೊಟ್ಟೆ ಕಟ್ಟಿಯಾದರೂ ಶವದ ವಿಮೆ ಕಟ್ಟುತ್ತಾರೆ, ಸತ್ತರೆ ಪೆಟ್ಟಿಗೆ ಊರಿಗೆ ಹೋಗಲೆಂದು. ಬೂಝಿಯಾನ್ ಹೋದ, ಹಿಂದೆ ನೀನು ಹೋದೆ, ಮಗು ಇಲ್ಲಿ ಉಳಿಯಿತು. ಮಂಗಳವಾರ ಮಸೀದಿಯಲ್ಲಿ ನಾನು ಮೆಲ್ಲಗೆ ವಿಚಾರಿಸಿದೆ, ಈ ಕಡೆ ನಮ್ಮವರಿಗೆಂದು ಬಿಟ್ಟಿರುವ ಜಾಗದಲ್ಲಿ ನನಗೊಂದು ಗೋರಿ ಸಿಗುತ್ತದೆಯೇ ಎಂದು. ನಾನು ಸತ್ತ ಮೇಲೆ ನಿಮ್ಮನ್ನೆಲ್ಲ ಹಡಗು ಹತ್ತಿಸುವುದು ಯಾಕೆ? ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಬಂದಿತ್ತು. ನಿನ್ನ ಅಮ್ಮ ಹರೀರಾ ಸಾರು ತಿರುವುತ್ತಿದ್ದ ಸೌಟು ಹಿಡಿದೇ ಬಾಗಿಲಿಗೆ ಬಂದಳು. “ಮಲ್ಕೋ, ಟೊಮ್ಯಾಟೊ ತೋಟದ ಪಕ್ಕ ಒಬ್ನೇ ಮಲ್ಕೋ! ಬದುಕಿದ್ದಾಗಲೂ ಟೊಮ್ಯಾಟೊ, ಸತ್ತ ಮೇಲೂ ಟೊಮ್ಯಾಟೊ! ನಾನು ಮಾತ್ರ ನಮ್ಮಪ್ಪನ ಪಕ್ಕಕ್ಕೆ ಹೋಗ್ತೀನಿ” ಎಂದಳು. ಇವತ್ತು ಬೆಳಿಗ್ಗೆ ಚಹಾ ಇಡುತ್ತ, ಆ ಜಾಗದಲ್ಲಿ ನೆರಳು ಇದೆಯಾ ಎಂದು ಕೇಳಿದಳು. ಬರೀ ಕೇಳಿದೆ ಅಷ್ಟೇ, ಆಸೆ ಇಟ್ಕೋಬೇಡ ಎಂದೂ ಸೇರಿಸಿದಳು.

ಕದ್ದೂರ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಅವನಿಗೆ ಯಾವಾಗಲೂ ಅವಸರ, ಹೊರಡುವುದು ಮಾತ್ರ ಸಂಜೆಗೆ. ತಯ್ಯೆಬ್ ಅವರಿಗೂ ಬೀಗಿತಿಗೂ ನನ್ನ ಸಲಾಂ ಹೇಳು. ಅಮ್ಮ ನಿನ್ನ ಹಣೆಗೆ ಮುತ್ತು ಕಳಿಸಿದ್ದಾಳೆ. ಅಲ್ಲಾಹ್ ನಿನ್ನ ಎದೆಗೆ ತಂಪು ಕೊಡಲಿ, ನಿನ್ನ ದಾರಿಯನ್ನು ಸುಗಮ ಮಾಡಲಿ.

ನಿನ್ನ ಅಪ್ಪ,
ಲಖ್ದರ್

ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ, ಬರೆಯಲು ಧೈರ್ಯ ಸಾಲಲಿಲ್ಲ. ಅಲ್ಲಿ ಮಾಳಿಗೆ ಹತ್ತಿದರೆ ಬೂಝಿಯಾನ್ ಮಲಗಿರುವ ಗೋರಿಗಳ ಕಡೆಯ ಗೋಡೆ ಕಾಣುತ್ತದೆ, ತೊತಾನಾಕ್ಕೆ ಬಂದರೆ ಏನು ಕಾಣುತ್ತದೆ ಎಂದು ನೀನು ಅಮ್ಮನನ್ನು ಕೇಳಿದೆಯಂತೆ. ಅವಳು ನನಗೆ ನಿನ್ನೆ ಹೇಳಿದಳು. ಹಾಗಾದರೆ ನಿನ್ನನ್ನು ಅಲ್ಲಿ ನಿಲ್ಲಿಸಿರುವುದು ಬೀಗಿತಿಯೋ, ನೀನೋ? ನೀನೇ ಆದರೆ ನಾನು ಕೋಪ ಮಾಡಿಕೊಳ್ಳುವುದಿಲ್ಲ. ಆದರೆ ಮಗಳೇ, ತೀರ್ಮಾನ ನಿನ್ನ ಬಾಯಿಂದ ಬರಲಿ. ಸುಮ್ಮನೆ ಕೂತು, ದಿನ ದಾಟಿಹೋಗಿ, ಆಮೇಲೆ ಇನ್ನೇನು ಮಾಡುವುದು ಅನ್ನುವ ಹಾಗೆ ಆಗುವುದು ಬೇಡ. ನೀನು ಬರುತ್ತೇನೆ ಎಂದರೂ ನಾನು ಹಡಗು ಹತ್ತುತ್ತೇನೆ, ಬರುವುದಿಲ್ಲ ಎಂದರೂ ಹತ್ತುತ್ತೇನೆ. ಬರುತ್ತೇನೆ ಎಂದರೆ ನಿನ್ನನ್ನು ಕರೆತರಲು. ಇಲ್ಲವೆಂದರೆ ನುಹೈಲಾಳನ್ನು ನಿನ್ನ ಮಡಿಲಿಗೆ ಕೊಟ್ಟು ಬರಲು. ಕದ್ದೂರ್ ಶನಿವಾರ ಅಲ್ಲಿಂದ ವಾಪಸು ಹೊರಡುತ್ತಾನೆ. ಅವನ ಕೈಗೆ ಎರಡೇ ಸಾಲು ಕೊಡು, ಸಾಕು. ಬೇಗ ಬರೆ.