ಮಷಿನ್ ಕೋಣೆಯ ಚಹಾ

ಬೆಳಗಾವಿ
ನವೆಂಬರ್ ೧೯೮೬

ಖಾನಾಪುರದ ಅಪ್ಪನವರಿಗೆ ಕಾಂತಾಳ ನಮಸ್ಕಾರ.

ನೀವು ಟಾಕೀಜಿನಲ್ಲಿ ಓಡಿಸುತ್ತಿರುವ ಹೊಸ ಚಿತ್ರವನ್ನು ನಿನ್ನೆ ಇವರು ನಮ್ಮ ಮನೆಯಲ್ಲೇ ಟಿಕೆಟ್ ಇಟ್ಟು ವಿಡಿಯೊದಲ್ಲಿ ತೋರಿಸಿದರು. ಬಂದವರಿಗೆ ಚಾಪೆ ಹಾಸಿದವಳು ನಾನೇ. ಹೊಡೆದಾಟದ ನಡುವೆ ನಿಮ್ಮ ದನಿ ಕೇಳಿತು: "ಅಳಿಯದೇವರ, ಚಾ ಆರಾಕತ್ತೈತಿ, ಮೊದಲ ಕುಡೀರಿ." ಎಲ್ಲರೂ ನಕ್ಕರು.

ದೀಪಾವಳಿಗೆ ಬಂದಾಗ ಇವರನ್ನು ಮರ್ಯಾದೆಯಿಂದ ಟಾಕೀಜಿನಲ್ಲಿ ನೀವು ಚಿತ್ರ ಓಡಿಸುವ ಮಷಿನ್ ಕೋಣೆಯಲ್ಲಿ ಕೂರಿಸಿದ್ದಿರಿ. ಮದುವೆಗಳಿಗೆ ಒಯ್ಯುವ ವಿಡಿಯೊ ಕ್ಯಾಮೆರಾ ಇವರ ಜೊತೆಗೇ ಇತ್ತು.

ಈ ಕ್ಯಾಸೆಟ್ ಖಾನಾಪುರಕ್ಕೂ ಬರಲಿದೆ. ಟಾಕೀಜಿನ ಮಾಲೀಕರು ನಿಮ್ಮ ದನಿ ಗುರುತಿಸುವ ಮೊದಲು ನೀವೇ ಹೋಗಿ ಹೇಳಿರಿ. ಇವರ ಹೆಸರನ್ನೂ ಹೇಳಿರಿ. ಮುಂದಿನ ಸಲ ಚಹಾ ಮನೆಯಲ್ಲೇ ಕೊಡಿರಿ.

"ಯಾರಬೇ ಅಂವಾ, ಚಾ ಕುಡಿಸಾಂವಾ?" ಎಂದು ನಿನ್ನೆ ಬಾಜೂ ಮನೆಯ ಅಕ್ಕವ್ವ ನಗುತ್ತ ಕೇಳಿದಳು. ಗೊತ್ತಿಲ್ಲ ಎಂದೆ.

ನಿಮ್ಮ ಮಗಳು
ಕಾಂತಾ