ಸೋಪಿನ ಸುರಂಗ

ಹೊಸೂರು, 3 ಜೂನ್ 1979, ಭಾನುವಾರ

ಬಟ್ಟೆ ಒಗೆಯುವ ಕಲ್ಲಿನ ಸಾಕ್ಷಿಯಾಗಿ ತಪ್ಪೊಪ್ಪಿಗೆ: ಬಚ್ಚಲಿನಿಂದ ಎರಡು ಬಾರ್ ಸೋಪು ಅಪಹರಿಸಿದ ಪಾಪಿ ನಾನೇ. ಉದ್ದೇಶ ಮಾತ್ರ ಸ್ವಚ್ಛ. ಬ್ಲೇಡಿನಲ್ಲಿ ಕೆತ್ತಿದೆ — ಸುರಂಗದ ಬಾಯಿ, ಕಮಾನು, ಕಲ್ಲಿನ ಸಾಲು. ಒಂದು ಮುಗಿಯಿತು, ಇನ್ನೊಂದು ಬಾಕಿ.

ಕೆಲಸದ ಹನುಮಕ್ಕ ನನ್ನ ಹೆಂಡತಿಗೆ ವರದಿ ಒಪ್ಪಿಸಿದಳು: “ಅಕ್ಕಾ, ಸಾರ್ ಸೋಪ್ನಾಗೆ ತೂತು ಕೊರೀತಾ ಅವ್ರೆ. ನಾನು ಬಟ್ಟೆ ಏನ್ರಾಗೆ ಒಗೀಲಿ?”

6 ಜೂನ್

ಮಾವ ಇವತ್ತೂ ಎರಡೇ ಚಮಚ ಗಂಜಿ. ಲಕ್ವ ಹೊಡೆದಾಗ ಮಾತು ಹೋಯಿತು, ಈಗ ಹಸಿವೂ. “ಹೇಗಾದರೂ ತಿನ್ನಿಸಿ” ಅಂದರು ಡಾಕ್ಟರು. ಆ ‘ಹೇಗಾದರೂ’ ಯಾವ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೋ…

ಘಟ್ಟದಲ್ಲಿ ಸ್ಟೇಷನ್ ಮಾಸ್ಟರಾಗಿದ್ದಾಗ, ಸುರಂಗ ಹೊಕ್ಕ ಗಾಡಿ ಆಚೆ ಬಂದ ಮೇಲೇ ಮಾವ ತಟ್ಟೆಗೆ ಕೈ ಹಾಕುತ್ತಿದ್ದರಂತೆ. ಸರಿ, ಮಂಚದ ಪಕ್ಕದ ಮೇಜಿನ ಮೇಲೂ ಗಾಡಿ ಆಚೆ ಬರಲಿ!

“ಅಪ್ಪ ಮಗು ಅಲ್ಲ ರೀ,” ಅಂದಳು ವೆಂಕಟಲಕ್ಷ್ಮಿ.

“ನೋಡ್ತಿರು. ನನ್ನ ಸುರಂಗ ಬಾಯಿ ಬಿಟ್ರೆ ನಿಮ್ಮಪ್ಪನೂ ಬಿಡ್ತಾರೆ. ಇಲ್ದಿದ್ರೆ ಮೀಸೆ ಬೋಳಿಸ್ತೀನಿ.”

ನಗಲಿಲ್ಲ.

9 ಜೂನ್

ಆಫೀಸಿನ ಲಕ್ಷ್ಮೀಪತಿ ಮದ್ರಾಸಿನ ಮೂರ್ ಮಾರ್ಕೆಟ್ಟಿನಿಂದ ಕೀಲಿ ಕೊಡುವ ಹಳೇ ಆಟಿಕೆ ರೈಲು ತಂದ. ಓಡುತ್ತದೆ. ಹಳಿ ಸಾಲದು. “ಮುಂದಿನ ಸಲ ಹೋದಾಗ ಹುಡುಕ್ತೀನಿ ಸಾರ್.” ಮುಂದಿನ ಸಲ! ಮಾವನ ಕೊರಳಿನ ಮೂಳೆ ಎದ್ದು ಕಾಣುತ್ತಿದೆ.

17 ಜೂನ್

ಆಯಿತು! ಗೋಣಿಚೀಲ, ಹಳೇ ಪೇಪರು, ಮೈದಾ ಅಂಟಿನ ಬೆಟ್ಟ. ಈ ಕಡೆ ಒಂದು ಬಾಯಿ, ಆ ಕಡೆ ಒಂದು. ಕೃಷ್ಣಗಿರಿಯ ಕಲ್ಲುಕುಟಿಕರೂ ತಲೆದೂಗಬೇಕು. ಮಾವ ತಾವಾಗಿಯೇ ಕತ್ತು ತಿರುಗಿಸಿ ನೋಡಿದರು! ಮೀಸೆ ಕ್ಷೇಮ.

18 ಜೂನ್, ಮಧ್ಯಾಹ್ನ

ಕೀಲಿ ಕೊಟ್ಟೆ. ಗಾಡಿ ಒಳಗೆ ಹೋಯಿತು. ಮಾವನ ಎಡಗೈ ಬಾವುಟ ಹಿಡಿದಂತೆ ಎದ್ದಿತು. ಕಣ್ಣಲ್ಲಿ ಎಂಥ ಬೆಳಕು…

“ಅಪ್ಪಾ, ಒಂದೇ ಚಮಚ. ಆ ಅನ್ನಿ.”

ಬೇಡವೆಂದು ತಲೆಯಾಡಿಸಿದರು. ತುಟಿ ಬಿಗಿ. ಬೆರಳು ಸುರಂಗದ ಆಚೆ ಬಾಯಿಯತ್ತ.

“ರೀ, ಗಾಡಿ ಎಲ್ಲಿ?”

“ಬರುತ್ತೆ.”

ಅದೇ ದಿನ, ದೀಪ ಹಚ್ಚುವ ಹೊತ್ತು

ದಿನವೂ ಇಳಿಯುತ್ತಿದ್ದ ಆ ಎರಡು ಚಮಚವೂ ಇವತ್ತಿಲ್ಲ. ಕಣ್ಣು ಕೀಳುತ್ತಿಲ್ಲ. ಬೆರಳು ಇಳಿದಿಲ್ಲ. ವೆಂಕಟಲಕ್ಷ್ಮಿ ಗಂಜಿಯನ್ನು ಮತ್ತೆ ಬಿಸಿಮಾಡಲು ಹೋಗಿದ್ದಾಳೆ.

ಹನುಮಕ್ಕ: “ಒಳ್ಗೆ ಸಿಕ್ಕಾಕ್ಕೊಂಡೈತೇನೋ. ಬೆಟ್ಟ ಎತ್ತಿ ನೋಡ್ಬಾರ್ದಾ ಸಾರ್?”

ಎತ್ತಿದರೆ ಮಾವನಿಗೂ ಕಾಣುತ್ತದೆ. ಹಳಿ ಬೆಟ್ಟದ ನಡುವೆಯೇ ಮುಗಿದಿದೆ. ಗಾಡಿ ಒಳಗೆ ಹೋದರೆ ಸಾಕು, ಉಳಿದದ್ದನ್ನು ಮರೆತಿರುತ್ತಾರೆ ಅಂದುಕೊಂಡಿದ್ದೆ. ಆಚೆಯ ಬಾಯಿ… ಕಮಾನು ಮಾತ್ರ ಕೆತ್ತಿದ್ದು, ತೂತೇ ಇಲ್ಲ. ಅದರೊಳಗಿನ ಕತ್ತಲೆ, ಹಲಗೆಗೆ ನಾನು ಬಳಿದ ಬೂಟ್ ಪಾಲಿಷ್ —